ಅವರನ್ನೇ ಕೇಳಿ ಬರೀರಿ

ನಮಸ್ಕಾರ. ನೀವು ಕಳಿಸಿದ, ದಾರೀಲಿ ಸಿಕ್ಕ ಅಪರಿಚಿತರ 12 ಫೋಟೋ, ಒಂದೊಂದರ ಕೆಳಗೂ ನೀವು ಬರೆದಿರೋ ನಾಲ್ಕೈದು ಸಾಲು, ಎಲ್ಲಾನೂ ಎರಡು ಸಲ ನೋಡಿದೆ. ಈಗಿರೋ ಹಾಗೆ ಪ್ರಕಟ ಮಾಡೋಕೆ ಆಗಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗೋಕೂ ಮನಸ್ಸು ಬರ್ತಿಲ್ಲ, ಯಾಕಂದ್ರೆ 4ನೇ ಫೋಟೋ ನಿಜಕ್ಕೂ ಚೆನ್ನಾಗಿದೆ, ಅದನ್ನ ತೆಗೆದವರು ಉಳಿದ 11ನ್ನೂ ಹಾಗೇ ತೆಗೀಬಹುದಿತ್ತಲ್ಲ ಅನ್ನೋದೇ ನನ್ನ ತಕರಾರು.

7ನೇದು ತಗೊಳ್ಳಿ. ಛತ್ರಿ ರಿಪೇರಿ ಮಾಡೋ ಅಜ್ಜ, ಬಾಯಲ್ಲಿ ದಾರ ಕಚ್ಕೊಂಡು ತಲೆ ಎತ್ತಿದಾರೆ. ಕೆಳಗೆ 'ಬದುಕಿನ ಭಾರ ಹೊತ್ತು ಸೋತ ಕಣ್ಣುಗಳು' ಅಂತ ಬರೆದಿದೀರ. ಸೋತಿದಾರೆ ಅಂತ ಯಾರು ಹೇಳಿದ್ರು? ಮೂಗಿನ ನೆರಳು ನೇರ ತುಟಿ ಮೇಲೆ ಬಿದ್ದಿದೆ, ಹುಬ್ಬಿನ ಕೆಳಗೆ ಪೂರ್ತಿ ಕಪ್ಪು, ಅಂದ್ರೆ ನಡು ಮಧ್ಯಾಹ್ನ ತೆಗೆದಿದೀರ, ಅವರು ಕಣ್ಣು ಕಿರಿದು ಮಾಡಿರೋದು ಬಿಸಿಲಿಗೆ. ಸ್ವಲ್ಪ ನೆರಳಿಗೆ ಬನ್ನಿ ಅಂದಿದ್ರೆ ಕಣ್ಣಲ್ಲಿ ಬೆಳಕಿನ ಚುಕ್ಕೆ ಬರ್ತಿತ್ತು, ಮುಖ ಬೇರೆನೇ ಕಾಣ್ತಿತ್ತು. ಆದ್ರೆ ಹಾಗನ್ನೋಕೆ ಮೊದಲು ಮಾತಾಡಿಸಬೇಕಲ್ಲ, ನೀವೇ ಬರೆದಿರೋ ಪ್ರಕಾರ ಇದು ರಸ್ತೆಯ ಆ ಕಡೆಯಿಂದ, ದೂರದ್ದನ್ನ ಹತ್ತಿರ ತೋರಿಸೋ 200 ಎಂಎಂ ಲೆನ್ಸಲ್ಲಿ ತೆಗೆದದ್ದು.

4ನೇದರಲ್ಲಿ ಟೈಲರಿಂಗ್ ಮಾಡೋ ಅಮ್ಮನ ಹತ್ರ ಕೂತು, ಸುತ್ತಲಿನ ಜಾಗನೂ ಹಿಡಿಯೋ 35 ಎಂಎಂ ಲೆನ್ಸಲ್ಲಿ ತೆಗೆದಿದೀರ. ಬಟ್ಟೆ ತುಂಡುಗಳು, ಆಫ್ ಮಾಡಿಟ್ಟ ರೇಡಿಯೋ, ಎಲ್ಲ ಕಾಣತ್ತೆ. 'ಒಂದ್ಸಲ ಹಾಡು ಕೇಳ್ತಾ ಇದ್ದೆ, ಸೂಜಿ ಬೆರಳಲ್ಲಿ ಇಳೀತು, ಆವತ್ತಿಂದ ಹೊಲಿಯುವಾಗ ರೇಡಿಯೋ ಹಾಕಲ್ಲ' ಅಂತ ಅವರೇ ಹೇಳಿದಾರೆ. ಅಷ್ಟು ಸಾಕು. ಅದರ ಮುಂದೆ ನೀವು ಸೇರಿಸಿರೋ 'ಮೌನವೇ ಆಕೆಯ ಸಂಗಾತಿ' ಅನ್ನೋ ಸಾಲು ದಯವಿಟ್ಟು ಹೊಡೆದು ಹಾಕಿ.

ಕೇಳದೆ ಬರೆಯೋ ಈ ತಪ್ಪನ್ನ ದೊಡ್ಡ ಫೋಟೋಗ್ರಾಫರ್‌ಗಳೂ ಮಾಡಿದಾರೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಫೋಟೋ ನೋಡೇ ಇರ್ತೀರ, ಗಲ್ಲಕ್ಕೆ ಕೈ ಕೊಟ್ಟ ತಾಯಿ, ಅವಳ ಎರಡೂ ಭುಜಕ್ಕೆ ಮುಖ ಒತ್ತಿಕೊಂಡ ಮಕ್ಕಳು. ಹೆಸರು ಕೇಳಲಿಲ್ಲ ಅಂತ ಲ್ಯಾಂಗ್ ಅವರೇ ಆಮೇಲೆ ಬರೆದಿದಾರೆ. ಊಟಕ್ಕೋಸ್ಕರ ಕಾರಿನ ಟೈರ್ ಮಾರಿದ್ರು ಅಂತಾನೂ ಬರೆದ್ರು, ಟೈರ್ ಮಾರೇ ಇರಲಿಲ್ಲ ಅಂತ ಆ ತಾಯಿಯ ಮನೆಯವರು ಹೇಳಿದ್ರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ಗೊತ್ತಾಗಿದ್ದು 1978ರಲ್ಲಿ, ಅಷ್ಟೊತ್ತಿಗೆ ಆಕೆಗೆ ಆ ಫೋಟೋ ಬಗ್ಗೆನೇ ಬೇಜಾರು. ಫೋಟೋ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ 42 ವರ್ಷ ಆಕೆಯ ಒಂದು ಮಾತೂ ಇಲ್ಲದೆ ಊರೂರು ಸುತ್ತಿತು ಅನ್ನೋದು ನನಗೆ ಇವತ್ತಿಗೂ ಸಂಕಟ.

12 ಬೇಡ, 5 ಕಳಿಸಿ. 200 ಎಂಎಂ ಮನೇಲಿಡಿ, 35 ಇಲ್ಲಾ 50 ತಗೊಂಡು ಹೋಗಿ, ಆಗ ಹತ್ತಿರ ಹೋಗದೆ ವಿಧಿಯಿಲ್ಲ. ಲೆನ್ಸಿನ ಕಿಂಡಿ ಎಫ್ 1.8ರಷ್ಟು ಅಗಲ ತೆರೆದು ಹಿನ್ನೆಲೆ ಪೂರ್ತಿ ಕರಗಿಸಬೇಡಿ, ಅವರು ಕೆಲಸ ಮಾಡೋ ಜಾಗನೂ ಕಾಣ್ಲಿ, ಕಿಂಡಿ ಕಿರಿದು ಮಾಡಿ 5.6 ಇಟ್ಟು ನೋಡಿ. ಅವರು ಫೋಟೋ ಬೇಡ ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ. ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ.

ಛತ್ರಿ ಅಜ್ಜನ ಹತ್ರ ಒಂದು ಪ್ರಿಂಟ್ ಹಿಡ್ಕೊಂಡು ಹೋಗಿ, ಅವರ ಕೈಗೆ ಕೊಡಿ, ಇದನ್ನ ಹಾಕಬಹುದಾ ಅಂತ ಕೇಳಿ. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ಕೊಂಡಿದಾರಲ್ಲ, ಏನಾಯ್ತು ಅಂತಾನೂ ಕೇಳಿ. ನಾನು ಝೂಮ್ ಮಾಡಿ ಮಾಡಿ ನೋಡಿದೆ, ನನಗೆ ಅದು ಗೊತ್ತಾಗಬೇಕು.