ಹಳೆಯ ಜೋಡುನಳಿಗೆ ಕೋವಿ: ಹೆಸರಿಗಿಂತ ಮೊದಲು ಮುದ್ರೆ ನೋಡಿ

ಪ್ರಶ್ನೆ: ನಮ್ಮಲ್ಲಿ ಹ್ಯಾಮರ್ ಹೊರಗಿರುವ 12 ಬೋರಿನ ಹಳೆಯ ಜೋಡುನಳಿಗೆ ಕೋವಿಯಿದೆ. ನಳಿಗೆಗಳ ಮೇಲೆಲ್ಲ ಸುರುಳಿ ಸುರುಳಿ ವಿನ್ಯಾಸ, ನಡುಪಟ್ಟಿಯ ಮೇಲೆ ‘ಡಬ್ಲ್ಯು. ರಿಚರ್ಡ್ಸ್’ ಎಂಬ ಕೆತ್ತನೆ. ದುಬಾರಿ ಇಂಗ್ಲಿಷ್ ಕೋವಿ ಎಂದು ಒಬ್ಬರು, ಅಗ್ಗದ ಮಾಲು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವ ಕಾಲದ್ದು, ಯಾವ ಬಗೆಯದ್ದು ಎಂದು ತಿಳಿಯುವುದು ಹೇಗೆ? ಬೆಲೆ ಕಟ್ಟುವವರು ಏನೇನು ನೋಡುತ್ತಾರೆ?

ಉತ್ತರ: ಪಟ್ಟಿಯ ಮೇಲಿನ ಹೆಸರನ್ನು ಸದ್ಯಕ್ಕೆ ಬದಿಗಿಡಿ. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಹೆಸರಾಂತ ಕಾರ್ಖಾನೆ. ಅದನ್ನು ನೆನಪಿಸುವಂತೆ ‘ಡಬ್ಲ್ಯು. ರಿಚರ್ಡ್ಸ್’ ಎಂದು ಕೆತ್ತಿದ ಬೆಲ್ಜಿಯಂ ಕೋವಿಗಳು ಅಮೆರಿಕದ ಮಾರುಕಟ್ಟೆಗೆ ಧಾರಾಳವಾಗಿ ಬಂದಿದ್ದವು. ಹೆಸರನ್ನು ಯಾರು ಬೇಕಾದರೂ ಕೆತ್ತಬಹುದಿತ್ತು. ನಂಬಬೇಕಾದದ್ದು ಪ್ರೂಫ್ ಮುದ್ರೆಗಳನ್ನು, ಅಂದರೆ ನಳಿಗೆ ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ಒತ್ತಿದ ಗುರುತುಗಳನ್ನು.

ಕೋವಿ ತೆರೆದು ಎರಡೂ ನಳಿಗೆ ಖಾಲಿ ಇವೆಯೆಂದು ಖಚಿತಪಡಿಸಿಕೊಳ್ಳಿ. ಫೋರೆಂಡ್ (ನಳಿಗೆಯಡಿ ಮುಂಗೈ ಹಿಡಿಯುವ ಮರದ ಭಾಗ) ಕಳಚಿ, ನಳಿಗೆಗಳನ್ನು ಬೇರ್ಪಡಿಸಿ, ಅವುಗಳ ಅಡಿಯಲ್ಲಿ ಹಿಂತುದಿಯ ಸಪಾಟು ಜಾಗವನ್ನು ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಅಂಡಾಕಾರದೊಳಗೆ ‘ಇಎಲ್‌ಜಿ’ ಅಕ್ಷರಗಳೂ ನಕ್ಷತ್ರವೂ ಇದ್ದರೆ ಅದು ಬೆಲ್ಜಿಯಂನ ಲಿಯೇಜ್ ಮುದ್ರೆ. ಅಂಡಾಕಾರದ ತಲೆಯ ಮೇಲೆ ಕಿರೀಟವಿದ್ದರೆ 1893ರಿಂದೀಚಿನದು. ಕಿರೀಟ ಕಂಡ ಕೂಡಲೇ ಇಂಗ್ಲಿಷ್ ಎಂದುಕೊಳ್ಳುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಬರ್ಮಿಂಗ್‌ಹ್ಯಾಮಿನದಾದರೆ 1904ರವರೆಗೆ ಕಿರೀಟದಡಿ ಅಡ್ಡಡ್ಡ ಇಟ್ಟ ಎರಡು ರಾಜದಂಡಗಳು, ಆಮೇಲೆ ಕಿರೀಟದಡಿ ‘ಬಿಪಿ’, ‘ಬಿವಿ’ ಅಕ್ಷರಗಳು; ಲಂಡನ್ನಿನದಾದರೆ ಹೆಣೆದುಕೊಂಡ ‘ಜಿಪಿ’. ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗಲ್ಲ) ಎಂಬ ಒತ್ತು ಸಿಕ್ಕರೆ ಅದೃಷ್ಟ: ಅದು 1875ರಿಂದ 1887ರ ನಡುವೆ ಚೋಕ್ (ಬಾಯಿಯ ಬಳಿ ಕಿರಿದಾಗಿಸಿದ ಭಾಗ) ಇದ್ದ ನಳಿಗೆಗೆ ಬಿದ್ದದ್ದು. ಆನಂತರ ಬರೀ ‘ಚೋಕ್’ ಎಂದಾಯಿತು. ವಜ್ರಾಕೃತಿಯೊಳಗಿನ ‘12 ಸಿ’ ಗುರುತು ಇಂಗ್ಲೆಂಡಿನಲ್ಲೂ ಲಿಯೇಜಿನಲ್ಲೂ ಬಳಕೆಯಲ್ಲಿತ್ತು. ಅದೊಂದನ್ನೇ ಹಿಡಿದು ದೇಶ ನಿರ್ಧರಿಸಬೇಡಿ.

ಬಗೆ ತಿಳಿಯಲು ಯಂತ್ರಭಾಗ ನೋಡಬೇಕು. ತೆರೆಯುವ ಸನ್ನೆ ಟ್ರಿಗರ್ ಗಾರ್ಡಿನ ಕೆಳಗಿದೆಯೋ ಮೇಲ್ಗಡೆ ಹೆಬ್ಬೆರಳಿಗೆ ಸಿಗುವಂತಿದೆಯೋ? ಫೋರೆಂಡ್ ಅಡ್ಡ ಬೆಣೆಯಿಂದ ನಿಂತಿದೆಯೋ, ತುದಿಯ ಗುಂಡಿ ಒತ್ತಿದರೆ ಬಿಡುತ್ತದೆಯೋ? ಗುಂಡಿಯದು ಆನ್ಸನ್ ಪದ್ಧತಿ, 1870ರ ದಶಕದ ಆರಂಭದ್ದು. ಹ್ಯಾಮರನ್ನು ಇಳಿಸಿದಾಗ ಅದು ಪಿನ್ನಿನ ಮೇಲೇ ಕೂತರೆ ಹಳೆಯ ಲಾಕ್ (ಹ್ಯಾಮರನ್ನು ನಡೆಸುವ ಯಂತ್ರ). ತುಸು ಹಿಂದೆ ಸರಿದು ನಿಂತರೆ ರಿಬೌಂಡಿಂಗ್ ಲಾಕ್, ಅದಕ್ಕೆ ಸ್ಟಾಂಟನ್ ಪೇಟೆಂಟ್ ಪಡೆದದ್ದು 1867ರಲ್ಲಿ. ಇವೆಲ್ಲ ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತವೆ. ಪೇಟೆಂಟ್ ಅವಧಿ ಮುಗಿದ ಮೇಲೆ ಎಲ್ಲರೂ ಅದನ್ನೇ ಬಳಸಿದರು, ಹಳೆಯ ಲಾಕುಗಳನ್ನು ರಿಬೌಂಡಿಂಗ್ ಮಾಡಿಸಿಕೊಂಡವರೂ ಇದ್ದರು. ಹಾಗಾಗಿ ಯಂತ್ರಭಾಗ ಹೇಳುವ ಕಾಲ, ಮುದ್ರೆ ಹೇಳುವ ಕಾಲ ಎರಡೂ ತಾಳೆಯಾಗಬೇಕು.

ಸುರುಳಿ ವಿನ್ಯಾಸ ನಿಜವಾದ ಡಮಾಸ್ಕಸ್ ಹೆಣಿಗೆಯೋ, ಸಾದಾ ಉಕ್ಕಿನ ಮೇಲೆ ಮೂಡಿಸಿದ ಬಣ್ಣವೋ ಎಂಬುದನ್ನು ಫೋರೆಂಡ್ ಮುಚ್ಚುವ, ಕೈ ತಾಗದ ಜಾಗದಲ್ಲಿ ನೋಡಿ. ನಿಜವಾದದ್ದರಲ್ಲಿ ಕಬ್ಬಿಣ, ಉಕ್ಕಿನ ಎಳೆಗಳು ಲೋಹದೊಳಗೇ ಇರುತ್ತವೆ; ಬಣ್ಣದ್ದು ತಿಕ್ಕಿದಲ್ಲಿ ಪೂರ್ತಿ ಅಳಿಸಿ ಬರೀ ಉಕ್ಕು ಕಾಣುತ್ತದೆ.

ಇನ್ನು ಬೆಲೆ. ನಳಿಗೆ, ಫೋರೆಂಡಿನ ಕಬ್ಬಿಣ, ಟ್ರಿಗರ್ ಗಾರ್ಡಿನ ಬಾಲ, ಈ ಮೂರರಲ್ಲೂ ಒಂದೇ ಸಂಖ್ಯೆ ಇರಬೇಕು. ಬೇರೆ ಕೋವಿಯ ನಳಿಗೆ ಜೋಡಿಸಿದ್ದರೆ ಸಂಗ್ರಾಹಕರು ಅಲ್ಲೇ ಹಿಂದೆ ಸರಿಯುತ್ತಾರೆ. ಬಾಯಿಯ ಬಳಿ ಎರಡು ನಳಿಗೆಗಳ ನಡುವೆ ಸಂದು ಕಂಡರೆ, ಉದ್ದವೂ 28 ಇಂಚಿಗಿಂತ ಕಡಿಮೆಯಿದ್ದರೆ ತುದಿ ಕತ್ತರಿಸಿರುವ ಸಂಶಯ ಬಲವಾಗುತ್ತದೆ. ಚೋಕ್ ಇದ್ದದ್ದು ಆ ತುದಿಯಲ್ಲೇ, ಕತ್ತರಿಸಿದರೆ ಅದೂ ಹೋಯಿತು. ಬಿಡಿಸಿದ ನಳಿಗೆಗಳನ್ನು ಕೊಕ್ಕೆಯಲ್ಲಿ ಬೆರಳಿಟ್ಟು ತೂಗಾಡಿಸಿ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಅನುರಣಿಸಿದರೆ ಬೆಸುಗೆ ಗಟ್ಟಿ, ಗರಗರ ಎಂದರೆ ಪಟ್ಟಿ ಸಡಿಲ. ಆಮೇಲೆ ಬೋರ್ ಗೇಜಿನಿಂದ ಹಿಂತುದಿಯಿಂದ 9 ಇಂಚು ಒಳಗೆ ಅಳೆಯಿಸಿ. ಇಂಗ್ಲಿಷ್ ಮುದ್ರೆಯಲ್ಲಿ 12 ಎಂದರೆ 0.729 ಇಂಚು, 13 ಎಂದರೆ 0.710. 13ರ ಮುದ್ರೆಯಿರುವ ನಳಿಗೆ 0.725 ಅಳತೆ ತೋರಿಸಿದರೆ ಗುಳಿಬಿದ್ದ ತುಕ್ಕು ತೆಗೆಯಲು ಒಳಗೆ ಕೊರೆದಿದ್ದಾರೆ. ಗೋಡೆ ತೆಳುವಾಗಿದೆ, ಪ್ರೂಫ್ ಊರ್ಜಿತವಲ್ಲ. ಗೋಡೆ ಎಲ್ಲಾದರೂ 0.020 ಇಂಚಿಗಿಂತ ತೆಳ್ಳಗಾಗಿದ್ದರೆ ಅದು ಗೋಡೆಗೆ ತೂಗುಹಾಕುವ ಕೋವಿಯೇ ಸರಿ.

ಪ್ರಶ್ನೆ: ತೋರಿಸುವ ಮೊದಲು ಉಜ್ಜಿ ಹೊಳಪು ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಮರಳು ಕಾಗದ ತಾಗಿದರೆ ಕೆತ್ತನೆಯ ಅಂಚು, ಮುದ್ರೆ, ಹಳೆಯ ಕಂದು ಬಣ್ಣ ಮೂರೂ ಹೋಗುತ್ತವೆ, ಮರಳಿ ಬರುವುದಿಲ್ಲ. ತೆಳು ಎಣ್ಣೆ ಸವರಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ರಶ್ನೆ: ಈಗಿನ ತೋಟಾ ಸಲೀಸಾಗಿ ಕೂರುತ್ತದೆ. ಒಂದು ಈಡು ಹೊಡೆದು ಪರೀಕ್ಷಿಸೋಣವೇ?

ಉತ್ತರ: ಕೂರುತ್ತದೆ ಎಂಬುದೇ ಮೋಸ. ಹಳೆಯ ಇಂಗ್ಲಿಷ್ 12 ಬೋರಿನ ಛೇಂಬರ್ (ತೋಟಾ ಕೂರುವ ಜಾಗ) ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಈಗಿನ 70 ಮಿ.ಮೀ. ತೋಟಾದ ಬಾಯಿ ಮಡಚಿರುವುದರಿಂದ ಅದು ಒಳಗೆ ಹಿಡಿಸುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿ ಛೇಂಬರಿನ ಮುಂದಿನ ಇಕ್ಕಟ್ಟಿನೊಳಗೆ ಚಾಚುತ್ತದೆ, ಒತ್ತಡ ಏರುತ್ತದೆ. ಕರಿಮದ್ದಿಗೆಂದು ಮಾಡಿದ ನಳಿಗೆ ಸಿಡಿದರೆ ಫೋರೆಂಡ್ ಹಿಡಿದ ಕೈಗೇ ಪೆಟ್ಟು. ಬಂದೂಕು ತಜ್ಞರು ನಳಿಗೆ ಅಳೆದು, ಯಾವ ತೋಟಾ ಎಂದು ಹೇಳುವವರೆಗೆ ಹೊಡೆಯಲೇಬೇಡಿ.