ಸಿಲಿಂಡರಿನ ಮೇಲ್ಮೈ ಲೆಕ್ಕ: ಮುಚ್ಚಳ ಸೇರಿಸಬೇಕೋ ಬೇಡವೋ?

ಸೂತ್ರ ಬಾಯಿಗೆ ಬರುತ್ತದೆ, ಆದರೆ ಯಾವಾಗ ಬರೀ ಸುತ್ತಲಿನ ಭಾಗ ತಗೋಬೇಕು, ಯಾವಾಗ ತಳ-ಮುಚ್ಚಳವನ್ನೂ ಸೇರಿಸಬೇಕು ಅನ್ನೋದೇ ತಿಳಿಯಲ್ಲ ಎಂದು ಕೇಳಿದ್ದೀರಿ. ನಮ್ಮಪ್ಪನದು ವಿಜಯಪುರದಲ್ಲಿ ತಗಡಿನ ಕೆಲಸದ ಅಂಗಡಿ. ಈ ಲೆಕ್ಕ ಕಲಿತದ್ದು ಅಲ್ಲೇ, ಬೈಸಿಕೊಂಡು.

ನಾನು ಪಿಯುಸಿಯಲ್ಲಿದ್ದಾಗ ಒಬ್ಬ ರೈತರು ಜೋಳ ತುಂಬೋಕೆ ಕಣಜ ಬೇಕು ಅಂತ ಬಂದರು. ಅಡ್ಡಳತೆ ಮೂರೂವರೆ ಅಡಿ, ಎತ್ತರ 4 ಅಡಿ. ಸುಮಾರು ಎಂಟು ಕ್ವಿಂಟಲ್ ಹಿಡಿಯುವಂಥದ್ದು. ನಾನು ಪೆನ್ನು ತೆಗೆದೆ. ಸುತ್ತಳತೆ 22/7 × 3.5, ಅಂದರೆ 11 ಅಡಿ. ಎತ್ತರದಿಂದ ಗುಣಿಸಿದರೆ ಸುತ್ತಲಿನ ತಗಡು 44 ಚದರ ಅಡಿ. ತಳ, ಮುಚ್ಚಳ ತಲಾ 22/7 × 1.75 × 1.75, ಅಂದರೆ 9.625. ಒಟ್ಟು 63.25. ತಗಡಿನ ಹಾಳೆ 8 × 4 ಅಡಿ, ಎರಡು ತಂದರೆ 64 ಚದರ ಅಡಿ. ಮುಕ್ಕಾಲು ಚದರ ಅಡಿ ಉಳಿಯುತ್ತೆ ಅಂತ ಖುಷಿಯಿಂದ ಎರಡೇ ತಂದೆ.

ಅಪ್ಪ ಮೊದಲು ತಳ, ಮುಚ್ಚಳ ಗುಂಡಗೆ ಕತ್ತರಿಸಿದರು. ಒಂದು ಹಾಳೆ ಪೂರ್ತಿ ಅದಕ್ಕೇ ಹೋಯಿತು. ಉಳಿದ ಹಾಳೆಯ ಉದ್ದ 8 ಅಡಿ, ಸುತ್ತೋಕೆ ಬೇಕಾದ್ದು 11. "ನಾಕೂ ಮೂಲ್ಯಾಗಿನ ತುಣುಕು ಏನ್ ಮಾಡ್ತಿ ತಮ್ಮಾ, ನಿನ್ನ ಲೆಕ್ಕಕ್ಕ ಬೆಸುಗಿ ಹಾಕ್ಲೇನು?" ಅಂದರು. ಮೂರನೇ ಹಾಳೆ ತರಲೇಬೇಕಾಯಿತು. ಜೋಡಿಸುವ ಕಡೆ ಮಡಿಚೋಕೆ ಬಿಡುವ ಅಂಚು ಬೇರೆ ಇದೆ, ಅದೂ ಸೂತ್ರದಲ್ಲಿ ಇಲ್ಲ.

ಈಗ ನಿಮ್ಮ ಗೊಂದಲಕ್ಕೆ ಬರೋಣ. ಸೂತ್ರ ಬಿಡಿ, ವಸ್ತುವನ್ನು ನೋಡಿ. ಹೊಸ ಕಣಜ ಮಾಡೋದಾದರೆ ಮೂರೂ ಭಾಗ ಬೇಕು. ಅದೇ ಕಣಜ ನೆಲದ ಮೇಲೆ ಕೂತ ಮೇಲೆ ಹೊರಗೆ ಬಣ್ಣ ಹಚ್ಚೋದಾದರೆ ತಳ ಬೇಡ: 44 + 9.625, ಅಂದರೆ 53.625 ಚದರ ಅಡಿ. ಪೈಪಿಗೆ ಬಣ್ಣ ಹಚ್ಚೋದಾದರೆ ಬರೀ ಸುತ್ತಲಿನದು, ಅದಕ್ಕೆ ತಳವೂ ಇಲ್ಲ ಮುಚ್ಚಳವೂ ಇಲ್ಲ. ನಮ್ಮೂರ ಮಲಿಕ್-ಎ-ಮೈದಾನ್ ಫಿರಂಗಿ ನೋಡಿದ್ದೀರಾ? ಉದ್ದ ಸುಮಾರು 14 ಅಡಿ, ಹೊರಗಿನ ಅಡ್ಡಳತೆ ಸುಮಾರು 5 ಅಡಿ. ಹೊರಮೈ ಒರೆಸೋಕೆ ಹೋದರೆ ಸುಮಾರು 220 ಚದರ ಅಡಿ, ಬಾಯಿಯ ಹತ್ತಿರದ ಸಿಂಹದ ಕೆತ್ತನೆ ಬಿಟ್ಟು. ಒಳಗಿನ ಕೊಳವೆಯನ್ನೂ ಒರೆಸಬೇಕೆಂದರೆ ಅದಕ್ಕೆ ಬೇರೆ ಲೆಕ್ಕ, ಒಳಗಿನ ಅಡ್ಡಳತೆ ತಗೊಂಡು.

ಅಡುಗೆ ಗ್ಯಾಸಿನ ಸಿಲಿಂಡರ್ ಮಾತ್ರ ಉದಾಹರಣೆಗೆ ತಗೋಬೇಡಿ. ಹೆಸರಷ್ಟೇ ಸಿಲಿಂಡರ್, ಮೇಲೆ ಕೆಳಗೆ ಎರಡೂ ಕಡೆ ಉಬ್ಬಿರುತ್ತೆ.

ಇನ್ನೊಂದು, ಮನೆಯಲ್ಲಿ ಅಳೆಯುವಾಗ ತ್ರಿಜ್ಯ ಹುಡುಕುತ್ತಾ ಕೂರಬೇಡಿ. ಡ್ರಮ್ಮಿನ ನಡು ಎಲ್ಲಿದೆ ಅಂತ ಯಾರಿಗೆ ಗೊತ್ತು? ಹೊಟ್ಟೆಯ ಸುತ್ತ ದಾರ ಸುತ್ತಿ, ದಾರವನ್ನು ಅಳೆಯಿರಿ, ಎತ್ತರದಿಂದ ಗುಣಿಸಿ. ಸುತ್ತಲಿನ ಭಾಗಕ್ಕೆ ಪೈ, ಅಂದರೆ ಆ 22/7, ಬೇಕಾಗೋದೇ ಇಲ್ಲ. ಮುಚ್ಚಳಕ್ಕೆ ದಾರದ ಉದ್ದವನ್ನು ಅದರಿಂದಲೇ ಗುಣಿಸಿ ಹನ್ನೆರಡೂವರೆಯಿಂದ ಭಾಗಿಸಿ. ನಮ್ಮ ಕಣಜಕ್ಕೆ 121 ಭಾಗಿಸು 12.5, ಅಂದರೆ 9.68. ಬಣ್ಣ ತರೋಕೆ ಅಷ್ಟು ಸಾಕಲ್ವಾ?