ಗೃಹಪ್ರವೇಶದ ಊಟಕ್ಕೆ ಯಾವ ತಟ್ಟೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ಇದೆ. ಮಧ್ಯಾಹ್ನ 400 ಜನಕ್ಕೆ ಊಟ, ಸಂಜೆ ಮಂಡಕ್ಕಿ-ಮಿರ್ಚಿ. ಕಸ ಆದಷ್ಟು ಕಡಿಮೆ ಆಗಬೇಕು ಅಂತ ನನ್ನ ಆಸೆ. ಅಡುಗೆಯವರು ಪೇಪರ್ ಎಲೆ ಸಾಕು ಅನ್ನುತ್ತಾರೆ. ಅಂಗಡಿಯವರು ‘ಕಾಂಪೋಸ್ಟಬಲ್’ (ಕೊಳೆತು ಗೊಬ್ಬರವಾಗುವಂಥದು) ಅಂತ ಬರೆದ ಬಿಳಿ ತಟ್ಟೆ ತೋರಿಸಿದರು. ಅತ್ತೆಯವರು ಅಡಿಕೆ ಹಾಳೆ ತಟ್ಟೆ ತನ್ನಿ ಅನ್ನುತ್ತಾರೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ತಟ್ಟೆ ಆರಿಸುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಉಂಡ ಮೇಲೆ ಈ 400 ಎಲೆ ಎಲ್ಲಿಗೆ ಹೋಗಬೇಕು? ಚನ್ನಗಿರಿ ಕಡೆ ನಮ್ಮ ನೆಂಟರ ಮದುವೆಯಲ್ಲಿ ಎಲ್ಲ ಹಾಳೆ ತಟ್ಟೆಯೇ ತರಿಸಿದ್ದೆವು, ಎಷ್ಟು ಖುಷಿ ಇತ್ತು ಗೊತ್ತಾ. ಆದರೆ ಕೊನೆಗೆ ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು, ತಟ್ಟೆ ಎಲ್ಲ ಒಂದೇ ರಾಶಿಗೆ ಬಿದ್ದು ಕಸದ ಟ್ರ್ಯಾಕ್ಟರ್ ಹತ್ತಿದವು. ಅವತ್ತು ನನಗೆ ತುಂಬಾ ಬೇಜಾರಾಯಿತು. ಅದಕ್ಕೇ ಹೇಳುತ್ತಿದ್ದೇನೆ, ತೋಟ ಇರುವ ನೆಂಟರನ್ನೋ ತಿಪ್ಪೆಗುಂಡಿ ಇರುವ ಪರಿಚಯದವರನ್ನೋ ಮೊದಲೇ ಕೇಳಿಡಿ.

ಪೇಪರ್ ಎಲೆ ಬೇಡ. ಬಾಳೆ ಎಲೆಯ ಹಾಗೆ ಹಸಿರು ಬಣ್ಣದಲ್ಲಿ ಬರುತ್ತದಲ್ವಾ, ಅದರಲ್ಲಿ ಹೆಚ್ಚಿನವಕ್ಕೆ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಒಂದನ್ನು ಹರಿದು ರಾತ್ರಿ ನೀರಲ್ಲಿ ನೆನೆಸಿಡಿ, ಬೆಳಿಗ್ಗೆ ಪದರ ಬಿಟ್ಟುಕೊಂಡು ಕೈಗೇ ಬರುತ್ತದೆ. ಚಹಾದ ಪೇಪರ್ ಕಪ್ಪೂ ಹಾಗೇ. ಅಂಥ ಕಪ್ಪಿನಲ್ಲಿ 100 ಎಂಎಲ್ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಐಐಟಿ ಖರಗ್‌ಪುರದವರು ಪರೀಕ್ಷೆ ಮಾಡಿ ಹೇಳಿದ್ದಾರೆ. ಹಿರಿಯರಿಗೂ ಮಕ್ಕಳಿಗೂ ಅದನ್ನು ಯಾಕೆ ಕೊಡಬೇಕು? ಶಾಮಿಯಾನದವರ ಹತ್ತಿರ ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತವೆ. ತೊಳೆಯಲು ಇಬ್ಬರನ್ನು ಜಾಸ್ತಿ ಕರೆಸಿ.

ಬಿಳಿ ತಟ್ಟೆ ಯಾವುದರದು ಅಂತ ಕೇಳಿ. ಕಬ್ಬಿನ ಸಿಪ್ಪೆಯದಾದರೆ ಮುಟ್ಟಿದಾಗ ಸ್ವಲ್ಪ ಒರಟು, ಹೊಳಪು ಇರುವುದಿಲ್ಲ, ಅದು ಗುಂಡಿಯಲ್ಲಿ ಕೊಳೆಯುತ್ತದೆ. ಆದರೆ ಎಣ್ಣೆ ಹೀರಬಾರದು ಅಂತ ಕೆಲವಕ್ಕೆ ರಾಸಾಯನಿಕ ಸೇರಿಸುತ್ತಾರೆ, ಸೇರಿಸಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಪ್ಲಾಸ್ಟಿಕ್ಕಿನಂತೆ ನಯವಾಗಿದ್ದರೆ ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಇರಬಹುದು. ಅದು ಕರಗಲು ಸುಮಾರು 58 ಡಿಗ್ರಿ ಬಿಸಿ ವಾರಗಟ್ಟಲೆ ಬೇಕು, ದೊಡ್ಡ ಗೊಬ್ಬರದ ಘಟಕದಲ್ಲಿ ಮಾತ್ರ ಆಗುವ ಕೆಲಸ. ನಿಮ್ಮ ಹಿತ್ತಿಲಲ್ಲಿ ಅದು ಹಾಗೇ ಕೂತಿರುತ್ತದೆ. ‘ಕಾಂಪೋಸ್ಟಬಲ್’ ಅನ್ನುವ ಪ್ಲಾಸ್ಟಿಕ್ ಮಾರುವವರ ಹತ್ತಿರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಲೇಬೇಕು, ಧೈರ್ಯವಾಗಿ ಕೇಳಿ.

ಅತ್ತೆಯವರ ಮಾತು ನನಗೆ ಇಷ್ಟವಾಯಿತು. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರ ಎಲ್ಲ ಕಡೆ ಅಡಿಕೆ ತೋಟಗಳಿವೆ. ಹಾಳೆ ತಾನಾಗಿಯೇ ಉದುರುತ್ತದೆ, ಯಾವ ಮರವನ್ನೂ ಕಡಿಯುವುದಿಲ್ಲ. ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಅಂಟು ಬೇಡ. ಕೊಳ್ಳುವಾಗ ಕಟ್ಟು ಬಿಚ್ಚಿ ಮೂಸಿ ನೋಡಿ. ಮುಗ್ಗು ವಾಸನೆ ಇದ್ದರೆ, ಕಪ್ಪು-ಹಸಿರು ಬೂಷ್ಟು ಕಂಡರೆ ತರಬೇಡಿ. ಇನ್ನೊಂದು ವಿಷಯವೂ ನಿಮಗೆ ಗೊತ್ತಿರಲಿ: ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡ್ (ಗಿಡದಲ್ಲೇ ಇರುವ, ಮೈಮೇಲೆ ಪರಿಣಾಮ ಮಾಡುವ ರಾಸಾಯನಿಕ) ಅಂಶ ಊಟಕ್ಕೆ ಇಳಿಯಬಹುದು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಈ ತಟ್ಟೆಗಳಿಗೆ ಆಕ್ಷೇಪ ಎತ್ತಿದೆ. ಅದಕ್ಕೆ ನಾನಾದರೆ ಬಿಸಿ ಸಾರು, ಪಾಯಸವನ್ನು ಸ್ಟೀಲ್ ಬಟ್ಟಲಲ್ಲಿ ಕೊಡುತ್ತೇನೆ. ಮಧ್ಯಾಹ್ನದ ಪಂಕ್ತಿಗೆ ಬಾಳೆ ಎಲೆ ಹಾಕಿಸಿ, ಸಂಜೆ ಮಂಡಕ್ಕಿ-ಮಿರ್ಚಿಗೆ ಮಾತ್ರ ಚಿಕ್ಕ ಹಾಳೆ ತಟ್ಟೆ. ಖರ್ಚೂ ಇಳಿಯುತ್ತದೆ.

ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಗೆ 2016ರಿಂದಲೇ ರಾಜ್ಯದಲ್ಲಿ ನಿಷೇಧ ಇದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ. ಅಡುಗೆಯವರಿಗೆ ಮುಂಗಡ ಕೊಡುವಾಗಲೇ ಇದನ್ನು ಹೇಳಿಬಿಡಿ, ಇಲ್ಲದಿದ್ದರೆ ಕೊನೇ ಗಳಿಗೆಯಲ್ಲಿ ಅವರು ತಂದದ್ದನ್ನೇ ಹಾಸುತ್ತಾರೆ. ಕೈ ತೊಳೆಯುವ ಜಾಗದ ಹತ್ತಿರ ಎಲೆಗೆ ಒಂದು ಬುಟ್ಟಿ, ಉಳಿದ ಕಸಕ್ಕೆ ಒಂದು ಬುಟ್ಟಿ ಇಟ್ಟು ಮನೆಯ ಹುಡುಗರೊಬ್ಬರನ್ನು ನಿಲ್ಲಿಸಿ. ಗುಂಡಿಗೆ ಹಾಕುವಾಗ ಹಾಳೆ ತಟ್ಟೆಯನ್ನು ಚೂರು ಮಾಡಿ, ಸಗಣಿ ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿ. ಇಡಿಯಾಗಿ ಒಣಗಿದ್ದನ್ನು ಹಾಕಿದರೆ ಬಹಳ ದಿನ ಹಿಡಿಯುತ್ತದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಮುತ್ತುಗದ ಎಲೆ ತಂದಿಟ್ಟಿದ್ದೆ. ಬಡಿಸುವಾಗ ಪುಡಿಪುಡಿಯಾಯಿತು. ಏನು ಮಾಡಬೇಕಿತ್ತು?

ಉತ್ತರ: ಒಣಗಿದ ಎಲೆಗೆ ಊಟಕ್ಕೆ ಮುಂಚೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿಡಿ, ಮೆತ್ತಗಾಗುತ್ತದೆ. ಹಿಂದಿನ ದಿನವೇ ನೆನೆಸಬೇಡಿ, ಬೂಷ್ಟು ಹಿಡಿಯುತ್ತದೆ. ಕಡ್ಡಿಯಲ್ಲಿ ಹಚ್ಚಿದ ಎಲೆಯನ್ನೇ ಕೊಳ್ಳಿ. ಮೆಷಿನ್ನಿನಲ್ಲಿ ಒತ್ತಿದ ಕೆಲವದರಲ್ಲಿ ಒಳಗೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅಂಚು ಬಿಡಿಸಿ ನೋಡಿದರೆ ಗೊತ್ತಾಗುತ್ತದೆ.